ಊಟವಾದ ಮೇಲೆ ಕುಡಿದ ಭಂಗಿ ಎರಡು ಗಂಟೆ ಸುಮ್ಮನಿದ್ದು ಆಮೇಲೆ ಏಕೆ ಏರಿತು?

ಗೋದೌಲಿಯಾ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಕೆಲಸದ ನಿಮಿತ್ತ ಕಾಶಿಗೆ ಬಂದು 6 ವರ್ಷಗಳಾದವು. ಜಂಗಮವಾಡಿ ಮಠದಿಂದ ನಡೆದು ಹೋಗುವಷ್ಟು ದೂರದಲ್ಲೇ ನನ್ನ ಮನೆ. ಇಲ್ಲಿ ಪರವಾನಗಿ ಪಡೆದ ಭಂಗಿ ಅಂಗಡಿಗಳಿವೆ. ಶಿವರಾತ್ರಿ ಮತ್ತು ಹೋಳಿಯ ದಿನಗಳಲ್ಲಿ ಭಂಗಿ ಬೆರೆಸಿದ ಥಂಡಾಯಿ ಎಂಬ ಹಾಲಿನ ಪಾನೀಯವನ್ನು ಎಷ್ಟೋ ಮನೆಗಳಲ್ಲಿ ಹಿರಿಯರೇ ಕೈಗೆ ಕೊಡುತ್ತಾರೆ.

ಮೂರು ವರ್ಷಗಳ ಹಿಂದೆ ಶಿವರಾತ್ರಿಯ ಉಪವಾಸದಲ್ಲಿದ್ದಾಗ ಸಂಜೆ 5 ಗಂಟೆಗೆ ಒಂದು ಸಣ್ಣ ಲೋಟ ಕುಡಿದಿದ್ದೆ. ಮುಕ್ಕಾಲು ಗಂಟೆಯೊಳಗೆ ತಲೆ ಹಗುರಾಯಿತು, ಎರಡು ಗಂಟೆಯ ಹೊತ್ತಿಗೆ ಅಮಲು ಪೂರ್ತಿ ಏರಿತು, ರಾತ್ರಿ 10ಕ್ಕೆ ನಿದ್ದೆ ಬಂತು. ಈ ಸಲದ ಹೋಳಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮಧ್ಯಾಹ್ನ 1 ಗಂಟೆಗೆ ಪೂರಿ, ಕಚೌರಿ, ಮಾಲ್ಪುವಾ, ರಬಡಿ ಎಲ್ಲವನ್ನೂ ಹೊಟ್ಟೆ ತುಂಬ ಉಂಡು, 2 ಗಂಟೆಗೆ ಒಂದು ಲೋಟ ತೆಗೆದುಕೊಂಡೆ. 4 ಗಂಟೆಯಾದರೂ ಏನೂ ಆಗಲಿಲ್ಲ. ಈ ಸಲದ್ದು ಸಪ್ಪೆಯಾಗಿದೆ ಎಂದು ಮನೆಯವರು ಇನ್ನೊಂದು ಲೋಟ ಕೊಟ್ಟರು, ನಾನೂ ಕುಡಿದೆ. 5 ಗಂಟೆ ದಾಟಿದ ಮೇಲೆ ಶುರುವಾದದ್ದು ರಾತ್ರಿ 11 ಆದರೂ ಏರುತ್ತಲೇ ಇತ್ತು. ಎದೆ ಬಡಿತ ಕಿವಿಗೆ ಕೇಳುತ್ತಿತ್ತು, ಒಂದು ನಿಮಿಷ ಕಳೆಯುವುದು ಒಂದು ಗಂಟೆಯಂತೆ ಅನ್ನಿಸುತ್ತಿತ್ತು, ಸತ್ತೇಹೋಗುತ್ತೇನೆಂಬ ಭಯ ಹಿಡಿದಿತ್ತು. ಮರುದಿನ ಮಧ್ಯಾಹ್ನದವರೆಗೂ ನೆಟ್ಟಗೆ ನಡೆಯಲಾಗಲಿಲ್ಲ. ಅದೇ ಪಾತ್ರೆಯಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದೇ ಲೋಟ ಕುಡಿದಿದ್ದ ನನ್ನ ಚಿಕ್ಕಪ್ಪನ ಮಗ ಸಂಜೆಯ ಹೊತ್ತಿಗೆ ಚೆನ್ನಾಗಿಯೇ ಇದ್ದ.

ಹೊಟ್ಟೆ ತುಂಬಿದ್ದರೆ ಅಮಲು ಕಡಿಮೆಯಾಗುತ್ತದೆಂದು ನಂಬಿಕೊಂಡಿದ್ದೆ. ಇದು ಹೇಗೆ ತಿರುವುಮುರುವಾಯಿತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಹನುಮಾನ್ ಘಾಟ್ ಮನೆತನ:
ನಮ್ಮ ಮುತ್ತಾತನ ಕಾಲದಿಂದ ನಾವು ಕಾಶಿಯಲ್ಲಿದ್ದೇವೆ, ಮನೆಯಲ್ಲಿ ಇಂದಿಗೂ ಕನ್ನಡವನ್ನೇ ಮಾತನಾಡುತ್ತೇವೆ. ನೀವು ಮಾಡಿದ್ದು ಇಲ್ಲಿನ ಹಳಬರು ಎಂದೂ ಮಾಡದ ಕೆಲಸ. ಅವರ ಕ್ರಮ ಹೀಗಿತ್ತು: ಮಧ್ಯಾಹ್ನದ ಊಟ ಪೂರ್ತಿ ಜೀರ್ಣವಾದ ಮೇಲೆ, ಸಂಜೆ, ಕಡಲೆಕಾಳಿನಷ್ಟು ಭಂಗಿ ಗೋಲಿಯನ್ನು ನೀರಿನೊಂದಿಗೆ ನುಂಗುವುದು, ಆಮೇಲೆ ಗಂಗಾಸ್ನಾನ, ಅದಾದ ಮೇಲೆ ರಬಡಿ ಅಥವಾ ಮಲಾಯಿ. ಎರಡನೆಯ ಗೋಲಿ ಎಂಬುದು ಅಂದಿನ ಲೆಕ್ಕದಲ್ಲೇ ಇರಲಿಲ್ಲ. ಸಿಹಿ ತಿಂದರೆ ಏರುತ್ತದೆ, ಹುಳಿ ತಿಂದರೆ ಇಳಿಯುತ್ತದೆ ಎಂದು ನನ್ನ ತಾತ ಹೇಳುತ್ತಿದ್ದರು. ನೀವು ಮಾಲ್ಪುವಾ ಮತ್ತು ರಬಡಿಯ ಮೇಲೆಯೇ ಕುಡಿದಿದ್ದೀರಿ, ಏರದೆ ಇನ್ನೇನಾಗುತ್ತದೆ?

ಬೀದರ್ ಓದುಗ:
ಸಿಹಿಯಿಂದ ಏರುತ್ತದೆಂಬುದು ಬರಿಯ ನಂಬಿಕೆಯಲ್ಲವೇ? ಸಕ್ಕರೆಗೂ ಭಂಗಿಗೂ ಏನು ಸಂಬಂಧ?

ಔಷಧಶಾಸ್ತ್ರದ ಮೇಷ್ಟರು:
ನಾನು ಔಷಧಶಾಸ್ತ್ರವನ್ನು ಪಾಠ ಮಾಡುವವನು. ಮೂಲ ಪ್ರಶ್ನೆ ಬಹಳ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದೇ ಗಿಡದಿಂದ ಬರುವ ಭಂಗಿ, ಗಾಂಜಾ, ಚರಸ್ ಎಲ್ಲದರಲ್ಲೂ ಅಮಲು ತರುವ ಮುಖ್ಯ ವಸ್ತು ಟಿಎಚ್‌ಸಿ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹೊಗೆಯಾಗಿ ಸೇದಿದಾಗ ಅದು ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಮಿದುಳನ್ನು ತಲುಪುತ್ತದೆ. ತಿಂದಾಗ ಜಠರವನ್ನು ದಾಟಿ ಸಣ್ಣ ಕರುಳಿಗೆ ಹೋಗಬೇಕು, ಅಲ್ಲಿಂದ ಯಕೃತ್ತಿಗೆ ಹೋಗಬೇಕು. ಯಕೃತ್ತು ಅದರ ಬಹುಪಾಲನ್ನು ಒಡೆದುಹಾಕುವುದರಿಂದ ತಿಂದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಉಳಿಯುತ್ತದೆ. ಆದರೆ ಒಡೆಯುವಾಗ ಹುಟ್ಟುವ 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ವಸ್ತುವೂ ಅಮಲು ತರುವಂಥದ್ದೇ, ಮಿದುಳಿಗೆ ಸುಲಭವಾಗಿ ನುಗ್ಗುವಂಥದ್ದೇ. ತಿಂದ ಅಮಲು ಸೇದಿದ ಅಮಲಿಗಿಂತ ಭಾರವೆನಿಸುವುದಕ್ಕೆ ಅದೂ ಒಂದು ಕಾರಣ.

ಇನ್ನು ಊಟದ ವಿಚಾರ. ಟಿಎಚ್‌ಸಿಯನ್ನು ಡ್ರೊನಾಬಿನಾಲ್ ಎಂಬ ಹೆಸರಿನಲ್ಲಿ ಮಾತ್ರೆಯಾಗಿ ಕೊಡಲು ಅಮೆರಿಕದಲ್ಲಿ 1985ರಲ್ಲೇ ಅನುಮತಿ ಸಿಕ್ಕಿತು. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಗೆ ಅದನ್ನು ಕೊಡುತ್ತಾರೆ. ಆ ಔಷಧಿಯ ಅಧಿಕೃತ ವಿವರಣಾಪತ್ರದಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. 59 ಗ್ರಾಂ ಕೊಬ್ಬಿರುವ ಊಟದೊಂದಿಗೆ ಅದನ್ನು ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ ಶಿಖರ ಮುಟ್ಟುವುದು ಸುಮಾರು 4 ಗಂಟೆ ತಡವಾಯಿತು. ಶಿಖರದ ಎತ್ತರ ಗಣನೀಯವಾಗಿ ಬದಲಾಗಲಿಲ್ಲ. ಆದರೆ ದೇಹಕ್ಕೆ ಸೇರಿದ ಒಟ್ಟು ಪ್ರಮಾಣ ಬರಿಹೊಟ್ಟೆಯಲ್ಲಿ ತೆಗೆದುಕೊಂಡಾಗಿನದಕ್ಕಿಂತ 2.9 ಪಟ್ಟು ಹೆಚ್ಚಾಯಿತು.

ಅಂದರೆ ಹೊಟ್ಟೆ ತುಂಬಿರುವುದು ಅಮಲನ್ನು ಕಡಿಮೆ ಮಾಡುವುದಿಲ್ಲ. ಮುಂದೂಡುತ್ತದೆ ಮತ್ತು ಉದ್ದ ಮಾಡುತ್ತದೆ. ನೀವು 4 ಗಂಟೆಗೆ ಏನೂ ಆಗಲಿಲ್ಲವೆಂದು ತಿಳಿದಾಗ ಮೊದಲ ಲೋಟ ಇನ್ನೂ ದಾರಿಯಲ್ಲಿತ್ತು. ಅದರ ಹಿಂದೆಯೇ ಎರಡನೆಯದನ್ನು ಕಳುಹಿಸಿದಿರಿ.

ಗೋದೌಲಿಯಾ ಕನ್ನಡಿಗ:
ಮೇಷ್ಟರೇ, ತುಂಬ ಧನ್ಯವಾದಗಳು. ಆದರೆ ಮದ್ಯದ ವಿಷಯದಲ್ಲಿ ಊಟ ಮಾಡಿ ಕುಡಿದರೆ ಏರುವುದು ಕಡಿಮೆ ಎಂಬುದು ನಿಜವಲ್ಲವೇ? ನನ್ನ ನಂಬಿಕೆ ಅಲ್ಲಿಂದ ಬಂದದ್ದು.

ಔಷಧಶಾಸ್ತ್ರದ ಮೇಷ್ಟರು:
ಮದ್ಯದ ವಿಷಯದಲ್ಲಿ ಅದು ನಿಜ. ಮದ್ಯಸಾರ ನೀರಿನಲ್ಲಿ ಬೆರೆಯುವ ವಸ್ತು. ಊಟವಿದ್ದಾಗ ಅದು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಯಕೃತ್ತಿಗೆ ಅದನ್ನು ಸುಡಲು ಸಮಯ ಸಿಗುತ್ತದೆ. ಆದ್ದರಿಂದ ರಕ್ತದಲ್ಲಿನ ಶಿಖರ ತಗ್ಗುತ್ತದೆ. ಟಿಎಚ್‌ಸಿಗೆ ಕೊಬ್ಬೇ ವಾಹನ. ಊಟದ ಕೊಬ್ಬು ಕರುಳಿಗೆ ಬಂದಾಗ ಪಿತ್ತರಸ ಸುರಿಯುತ್ತದೆ, ಕೊಬ್ಬು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ, ಆ ಹನಿಗಳೊಳಗೆ ಟಿಎಚ್‌ಸಿ ಕರಗಿ ಕರುಳಿನ ಗೋಡೆಯನ್ನು ದಾಟುತ್ತದೆ. ಅದರಲ್ಲಿ ಒಂದು ಪಾಲು ಕೊಬ್ಬಿನ ಜೊತೆಗೇ ದುಗ್ಧರಸ (ಲಿಂಫ್) ನಾಳಗಳನ್ನು ಹಿಡಿದು, ಯಕೃತ್ತಿಗೆ ಹೋಗದೆ, ನೇರವಾಗಿ ರಕ್ತಕ್ಕೆ ಸೇರುತ್ತದೆ. 2016ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಕೊಬ್ಬಿನೊಂದಿಗೆ ಕೊಟ್ಟಾಗ ಟಿಎಚ್‌ಸಿ 2.5 ಪಟ್ಟು ಹೆಚ್ಚಾಗಿ ದೇಹಕ್ಕೆ ಸೇರಿದ್ದು ಕಂಡುಬಂದಿತ್ತು. ಮದ್ಯದ ಅನುಭವವನ್ನು ಭಂಗಿಗೆ ಅನ್ವಯಿಸುವುದೇ ಎಲ್ಲ ಎಡವಟ್ಟಿನ ಮೂಲ.

ಡೆನ್ವರ್ ವಾಸಿ:
ಮೇಷ್ಟರ ಅಂಕಿಗಳನ್ನು ಒಪ್ಪುತ್ತೇನೆ, ಆದರೆ ಅವರ ತೀರ್ಮಾನ ನನ್ನ ಅನುಭವಕ್ಕೆ ಪೂರ್ತಿ ಹೊಂದುವುದಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2014ರ ಜನವರಿ 1ರಿಂದ ವಯಸ್ಕರಿಗೆ ಗಾಂಜಾ ಮಾರಾಟ ಆರಂಭವಾಯಿತು; ನಾನು ಆಗಿನಿಂದಲೂ ಇಲ್ಲಿದ್ದೇನೆ. ಇಲ್ಲಿ ಒಂದು ಗಮ್ಮಿಯಲ್ಲಿ (ಅಗಿದು ತಿನ್ನುವ ಮಿಠಾಯಿಯಲ್ಲಿ) ಗರಿಷ್ಠ 10 ಮಿಲಿಗ್ರಾಂ ಟಿಎಚ್‌ಸಿ, ಒಂದು ಪೊಟ್ಟಣದಲ್ಲಿ ಗರಿಷ್ಠ 100 ಮಿಲಿಗ್ರಾಂ ಇರಬೇಕೆಂಬ ನಿಯಮವಿದೆ, ಹೀಗಾಗಿ ಎಷ್ಟು ತಿಂದೆವೆಂಬುದು ಗೊತ್ತಿರುತ್ತದೆ. ಅದೇ 5 ಮಿಲಿಗ್ರಾಂ ಗಮ್ಮಿಯನ್ನು ಬರಿಹೊಟ್ಟೆಯಲ್ಲಿ ತಿಂದರೆ ನನಗೆ ಮೆಟ್ಟಿಲಿನಿಂದ ಯಾರೋ ತಳ್ಳಿದ ಹಾಗಾಗುತ್ತದೆ. ರಾತ್ರಿ ಊಟದ ನಂತರ ತಿಂದರೆ ಸೌಮ್ಯವಾಗಿರುತ್ತದೆ. ಆದ್ದರಿಂದ ಊಟ ಮಾಡಿಯೇ ತಿನ್ನಬೇಕೆಂದು ಇಲ್ಲಿನ ನನ್ನ ಸ್ನೇಹಿತರೂ ಹೇಳುತ್ತಾರೆ.

ಔಷಧಶಾಸ್ತ್ರದ ಮೇಷ್ಟರು:
ನಿಮ್ಮ ಅನುಭವವೂ ನಿಜವೇ, ಅದು ನಾನು ಹೇಳಿದ್ದಕ್ಕೆ ವಿರುದ್ಧವಲ್ಲ. ಮನುಷ್ಯನಿಗೆ ಗೊತ್ತಾಗುವುದು ರಕ್ತದಲ್ಲಿ ಎಷ್ಟಿದೆ ಎಂಬುದಷ್ಟೇ ಅಲ್ಲ, ಎಷ್ಟು ಬೇಗ ಏರಿತು ಎಂಬುದೂ ಹೌದು. ಬರಿಹೊಟ್ಟೆಯಲ್ಲಿ ಏರಿಕೆ ಕಡಿದಾಗಿರುತ್ತದೆ, ಅದು ಹೆದರಿಸುತ್ತದೆ. ಊಟದ ನಂತರ ಏರಿಕೆ ನಿಧಾನವಾಗಿರುವುದರಿಂದ ಸೌಮ್ಯವೆನಿಸುತ್ತದೆ. ನೀವು 5 ಮಿಲಿಗ್ರಾಂನಲ್ಲಿ ನಿಲ್ಲಿಸಿ ಮಲಗಿಬಿಡುತ್ತೀರಿ, ಆದ್ದರಿಂದ ಅದರ ಉದ್ದನೆಯ ಬಾಲ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಮರುದಿನ ಬೆಳಿಗ್ಗೆ ತಲೆ ಮಂಕಾಗಿರುವುದು ಯಾವ ರೀತಿ ತಿಂದಾಗ ಹೆಚ್ಚು ಎಂಬುದನ್ನು ಒಮ್ಮೆ ಗಮನಿಸಿ ನೋಡಿ.

ಡೆನ್ವರ್ ವಾಸಿ:
ಊಟದ ನಂತರ ತಿಂದಾಗಲೇ ಹೆಚ್ಚು. ಅದನ್ನು ನಾನು ಇಷ್ಟು ದಿನ ನಿದ್ದೆ ಸಾಲದ್ದರಿಂದ ಎಂದುಕೊಂಡಿದ್ದೆ. ಬೆಳಿಗ್ಗೆ 7 ಗಂಟೆಗೆ ಕಾರು ಓಡಿಸಿಕೊಂಡು ಹೋಗುವವನು ನಾನು. ಈ ಮಾತು ನನಗೆ ಮೊದಲೇ ಗೊತ್ತಿರಬೇಕಿತ್ತು.

ತುರ್ತು ಚಿಕಿತ್ಸೆ ವೈದ್ಯೆ:
ನಾನು ಉತ್ತರ ಭಾರತದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಎರಡು ಹೋಳಿಗಳನ್ನು ಕಳೆದಿದ್ದೇನೆ. ಮಧ್ಯಾಹ್ನ ಬರುವವರು ಉಪವಾಸವಿದ್ದೋ ಬಿಸಿಲಿನಲ್ಲಿ ಬಣ್ಣವಾಡಿಯೋ ಬರಿಹೊಟ್ಟೆಯಲ್ಲಿ ಕುಡಿದವರು: ನಿಂತಕೂಡಲೇ ರಕ್ತದೊತ್ತಡ ಇಳಿದು ತಲೆ ಸುತ್ತಿ ಬಿದ್ದಿರುತ್ತಾರೆ. ಸಂಜೆ ಮತ್ತು ರಾತ್ರಿ ಬರುವವರು ಮೂಲ ಪ್ರಶ್ನೆ ಕೇಳಿದವರ ಥರದವರು: ಹಬ್ಬದ ಊಟ, ಒಂದು ಲೋಟ, ಏನೂ ಆಗಲಿಲ್ಲವೆಂದು ಇನ್ನೊಂದು ಲೋಟ. ನನಗೆ ಹೆಚ್ಚು ಕಷ್ಟಕೊಟ್ಟವರು ಈ ಎರಡನೆಯ ಗುಂಪಿನವರೇ, ಏಕೆಂದರೆ ಅವರು ಬಂದಾಗ ಅಮಲು ಇನ್ನೂ ಏರುತ್ತಿರುತ್ತದೆ ಮತ್ತು ಎಲ್ಲಿಗೆ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಕೊಲೊರಾಡೊದ ಒಂದು ದೊಡ್ಡ ಆಸ್ಪತ್ರೆಯಲ್ಲಿ 2012ರಿಂದ 2016ರವರೆಗಿನ ದಾಖಲೆಗಳನ್ನು ನೋಡಿದಾಗ, ಗಾಂಜಾದಿಂದಾಗಿ ತುರ್ತು ವಿಭಾಗಕ್ಕೆ ಬಂದವರಲ್ಲಿ ಶೇಕಡಾ 10.7ರಷ್ಟು ಮಂದಿ ತಿಂದು ಬಂದವರಾಗಿದ್ದರು. ಆ ರಾಜ್ಯದಲ್ಲಿ ಮಾರಾಟವಾದ ಟಿಎಚ್‌ಸಿಯ ಲೆಕ್ಕದಲ್ಲಿ ತಿನಿಸುಗಳ ಪಾಲು ಶೇಕಡಾ 0.32 ಮಾತ್ರ. ಅಳತೆ ಬರೆದಿರುವ ಪೊಟ್ಟಣದ ಊರಿನಲ್ಲೇ ಹೀಗಾದರೆ, ಅಳತೆಯೇ ಇಲ್ಲದ ಥಂಡಾಯಿಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ಯೋಚಿಸಿ.

ಏರಿದವರಿಗೆ ವಾಂತಿ ಮಾಡಿಸಲು ಹೋಗಬೇಡಿ. ಅಮಲಿನಲ್ಲಿರುವವರಿಗೆ ಅದು ಶ್ವಾಸನಾಳಕ್ಕೆ ಹೋಗಬಹುದು. ಗದ್ದಲವಿಲ್ಲದ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಒಬ್ಬರು ಕುಳಿತಿರಿ, ಎಚ್ಚರವಾಗಿದ್ದರೆ ನೀರನ್ನು ಗುಟುಕು ಗುಟುಕಾಗಿ ಕೊಡಿ. ಎದೆನೋವು, ಎಬ್ಬಿಸಿದರೂ ಏಳದಿರುವುದು, ಸೆಳೆತ, ಉಸಿರಾಟದಲ್ಲಿ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಮಗು ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯಲೇಬಾರದು. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 6 ವರ್ಷದೊಳಗಿನ ಮಕ್ಕಳು ಇಂಥ ತಿನಿಸು ತಿಂದ ಪ್ರಕರಣಗಳು 2017ರಲ್ಲಿ 207 ಬಂದಿದ್ದವು. 2021ರಲ್ಲಿ 3,054 ಬಂದವು. ಮಕ್ಕಳು ಅದನ್ನು ಮಿಠಾಯಿ ಎಂದೇ ತಿನ್ನುತ್ತಾರೆ. ಹೋಳಿಯ ದಿನ ಭಂಗಿಯ ಥಂಡಾಯಿಯನ್ನೂ ಮಕ್ಕಳ ಥಂಡಾಯಿಯನ್ನೂ ಒಂದೇ ಬಣ್ಣದ ಜಗ್ಗಿನಲ್ಲಿ ಇಡುವವರನ್ನು ಕಂಡಾಗ ನನಗೆ ಕೋಪ ಬರುತ್ತದೆ.

ಹಾವೇರಿ ಮಾಸ್ತರ್:
ಅಮಲು ಪದಾರ್ಥವನ್ನು ಯಾವಾಗ ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಇಷ್ಟು ವಿವರವಾಗಿ ಚರ್ಚಿಸುವುದು ಓದುವ ಹುಡುಗರಿಗೆ ದಾರಿ ತೋರಿಸಿದಂತಾಗುವುದಿಲ್ಲವೇ? ತಿನ್ನಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸಾಕಿತ್ತು.

ತುರ್ತು ಚಿಕಿತ್ಸೆ ವೈದ್ಯೆ:
ಮಾಸ್ತರರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ತಿನ್ನದಿರುವುದೇ ಎಲ್ಲಕ್ಕಿಂತ ಕ್ಷೇಮ. ಗರ್ಭಿಣಿಯರು, ಹದಿಹರೆಯದವರು, ಹೃದ್ರೋಗವಿರುವವರು, ತಮಗೋ ಮನೆತನದಲ್ಲೋ ಮಾನಸಿಕ ಕಾಯಿಲೆಯ ಇತಿಹಾಸವಿರುವವರು ಅದನ್ನು ಮುಟ್ಟಲೇಬಾರದು ಎಂದು ನಾನೂ ಹೇಳುತ್ತೇನೆ. ಆದರೆ ಆ ರಾತ್ರಿ ನನ್ನ ಮುಂದೆ ಮಲಗಿದ್ದವರಲ್ಲಿ ಹೆಚ್ಚಿನವರಿಗೆ ಬೇಡವೆಂದು ಹೇಳಿದವರು ಇದ್ದರು. ಎರಡನೆಯ ಲೋಟಕ್ಕೆ ಮೊದಲು ಕಾಯಬೇಕೆಂದು ಹೇಳಿದವರು ಇರಲಿಲ್ಲ.

ಮಲೆನಾಡ ಅಡುಗೆ:
ನಾನು ಭಂಗಿಯನ್ನು ಕಂಡವಳಲ್ಲ, ಅಡುಗೆಯನ್ನು ಬಲ್ಲವಳು. ಮೇಷ್ಟರು ಹೇಳಿದ 59 ಗ್ರಾಂ ಕೊಬ್ಬು ಎಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿದೆ. ಎಮ್ಮೆಯ ಗಟ್ಟಿ ಹಾಲಿನಲ್ಲಿ ಸುಮಾರು ಶೇಕಡಾ 6ರಿಂದ 7ರಷ್ಟು ಕೊಬ್ಬಿರುತ್ತದೆ, ಅಂದರೆ 200 ಮಿಲಿಲೀಟರಿನ ಒಂದು ಲೋಟಕ್ಕೆ 12ರಿಂದ 14 ಗ್ರಾಂ. ಥಂಡಾಯಿಗೆ ಬಾದಾಮಿ, ಗಸಗಸೆ, ಕರಬೂಜದ ಬೀಜ ಅರೆದು ಹಾಕುವುದರಿಂದ ಇನ್ನೂ ಸ್ವಲ್ಪ ಸೇರುತ್ತದೆ. ಅಂದರೆ ಬರಿಹೊಟ್ಟೆಯಲ್ಲಿ ಥಂಡಾಯಿ ಕುಡಿದವರೂ ನಿಜವಾಗಿ ಬರಿಹೊಟ್ಟೆಯವರಲ್ಲ, ವಾಹನವನ್ನು ಜೊತೆಗೇ ತೆಗೆದುಕೊಂಡು ಹೋದವರು. ಇನ್ನು ಕರಿದ ಪೂರಿ, ಕಚೌರಿ, ತುಪ್ಪದಲ್ಲಿ ಕರಿದ ಮಾಲ್ಪುವಾ, ಮೇಲೆ ರಬಡಿ ಎಂದರೆ 59 ಗ್ರಾಂ ಯಾವಾಗಲೋ ದಾಟಿರುತ್ತದೆ.

ಬೀದರಿನವರು ಸಕ್ಕರೆಗೂ ಭಂಗಿಗೂ ಏನು ಸಂಬಂಧವೆಂದು ಕೇಳಿದ್ದರು. ಕಾಶಿಯವರು ಸಿಹಿ ಎಂದಾಗ ಹೇಳುವುದು ರಬಡಿ, ಮಲಾಯಿ, ಮಾಲ್ಪುವಾಗಳನ್ನು. ಅವುಗಳಲ್ಲಿ ಸಕ್ಕರೆಯಷ್ಟೇ ಕೆನೆಯೂ ತುಪ್ಪವೂ ಇರುತ್ತದೆ. ಹಳಬರು ಕಂಡದ್ದು ಸರಿಯಾಗಿಯೇ ಇರಬಹುದು. ಕಾರಣವನ್ನು ಮಾತ್ರ ಸಿಹಿಗೆ ಕೊಟ್ಟರೇನೋ. ಮೇಷ್ಟರು ತಿದ್ದಬೇಕು.

ಔಷಧಶಾಸ್ತ್ರದ ಮೇಷ್ಟರು:
ತಿದ್ದುವಂಥದ್ದು ಏನೂ ಇಲ್ಲ, ನನಗೇ ಹೊಳೆಯದ ಮಾತನ್ನು ಹೇಳಿದಿರಿ. ರಬಡಿಯನ್ನು ಗೋಲಿ ನುಂಗಿದ ಮೇಲೆ ತಿನ್ನುವ ಕ್ರಮವೂ ಗಮನಾರ್ಹವಾದದ್ದು. ಮೊದಲೇ ತಿಂದಿದ್ದರೆ ಜಠರದ ಬಾಗಿಲು ನಿಧಾನವಾಗಿ ತೆರೆಯುತ್ತಿತ್ತು. ಆಮೇಲೆ ತಿಂದಾಗ ಗೋಲಿಯ ಸ್ವಲ್ಪ ಭಾಗ ಆಗಲೇ ಕರುಳಿಗೆ ಇಳಿದಿರುತ್ತದೆ, ಹಿಂದಿನಿಂದ ಕೊಬ್ಬು ಬಂದು ಸೇರುತ್ತದೆ. ಇದು ನನ್ನ ಊಹೆ, ಯಾರೂ ಅಳೆದು ನೋಡಿದ್ದಲ್ಲ.

ಇತಿಹಾಸದ ವಿದ್ಯಾರ್ಥಿನಿ:
ತುಪ್ಪದ ಮಾತು ಬಂದದ್ದರಿಂದ ಹೇಳುತ್ತೇನೆ. ಕಲಕತ್ತೆಯಲ್ಲಿ ವೈದ್ಯನಾಗಿದ್ದ ಓ'ಶಾಗ್ನೆಸ್ಸಿ 1839ರಲ್ಲಿ ಭಾರತದ ಭಂಗಿಯ ಬಗ್ಗೆ ಬರೆದಾಗ, ಎಲೆಯನ್ನು ತುಪ್ಪದೊಂದಿಗೆ ಕುದಿಸಿ, ಸಕ್ಕರೆ ಮತ್ತು ಹಾಲಿನೊಂದಿಗೆ ಮಾಜೂಮ್ ಎಂಬ ಮಿಠಾಯಿ ಮಾಡುವುದನ್ನು ದಾಖಲಿಸಿದ್ದಾನೆ. ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಇಸ್ರೇಲಿನ ಮೆಖೂಲಮ್ ಮತ್ತು ಗಾವೋನಿ ತಿಳಿಸಿದ್ದು 1964ರಲ್ಲಿ. ಕೊಬ್ಬಿನಲ್ಲಿ ಕರಗುತ್ತದೆಂಬುದನ್ನು ಪ್ರಯೋಗಶಾಲೆಗಿಂತ ಬಹಳ ಮೊದಲೇ ಇಲ್ಲಿನ ಅಡುಗೆಮನೆ ಕಂಡುಕೊಂಡಿತ್ತು.

ಮೆಖೂಲಮ್ ಅವರ ಮನೆಯಲ್ಲಿ ನಡೆದದ್ದೂ ಇಲ್ಲಿಗೆ ಹೊಂದುತ್ತದೆ. ಅವರ ಪತ್ನಿ ಮಾಡಿದ ಕೇಕಿನಲ್ಲಿ ತಲಾ 10 ಮಿಲಿಗ್ರಾಂ ಟಿಎಚ್‌ಸಿ ಹಾಕಿ ಐವರು ಸ್ನೇಹಿತರಿಗೆ ಕೊಟ್ಟರು, ಇನ್ನೈವರಿಗೆ ಬರಿಯ ಕೇಕು ಕೊಟ್ಟರು. ಟಿಎಚ್‌ಸಿ ತಿಂದ ಐವರಲ್ಲಿ ಒಬ್ಬೊಬ್ಬರ ವರ್ತನೆ ಒಂದೊಂದು ರೀತಿಯಾಗಿತ್ತು.

ಬೀದರ್ ಓದುಗ:
ಹಾಗಾದರೆ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಒಂದೇ ಪಾತ್ರೆಯಿಂದ ಕುಡಿದವರಲ್ಲೂ ವ್ಯತ್ಯಾಸವಿರುತ್ತದೆ ಎಂದಾಯಿತು. ಅದಕ್ಕೆ ಕಾರಣವೇನು?

ಔಷಧಶಾಸ್ತ್ರದ ಮೇಷ್ಟರು:
ಒಂದು ಕಾರಣ ಹುಟ್ಟಿನಿಂದಲೇ ಬಂದದ್ದು. ಟಿಎಚ್‌ಸಿಯನ್ನು ಒಡೆಯುವ ಸಿವೈಪಿ2ಸಿ9 ಎಂಬ ಕಿಣ್ವ ಕೆಲವರಲ್ಲಿ ಮಂದವಾಗಿರುತ್ತದೆ; ಅಂಥವರ ದೇಹದಲ್ಲಿ ಅದೇ ಪ್ರಮಾಣದ ಟಿಎಚ್‌ಸಿ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಉಳಿಯಬಹುದೆಂದು ಡ್ರೊನಾಬಿನಾಲ್ ವಿವರಣಾಪತ್ರವೇ ಎಚ್ಚರಿಸುತ್ತದೆ. ಇನ್ನೊಂದು ಕಾರಣ ಪಾತ್ರೆಯಲ್ಲೇ ಇದೆ: ಅರೆದ ಭಂಗಿ ಹಾಲಿನಲ್ಲಿ ಸಮನಾಗಿ ಬೆರೆಯುವುದಿಲ್ಲ, ತಳದಲ್ಲಿ ಕೂರುತ್ತದೆ, ಆದ್ದರಿಂದ ಮೇಲಿನ ಲೋಟವೂ ಕೊನೆಯ ಲೋಟವೂ ಒಂದೇ ಅಲ್ಲ. ಮೂಲ ಪ್ರಶ್ನೆ ಕೇಳಿದವರ ಎರಡನೆಯ ಲೋಟ ಪಾತ್ರೆಯ ತಳದ್ದಾಗಿತ್ತೇ ಎಂದು ಕೇಳಬೇಕೆನಿಸುತ್ತದೆ.

ಗೋದೌಲಿಯಾ ಕನ್ನಡಿಗ:
ಹೌದು. ಉಳಿದದ್ದನ್ನು ನನಗೇ ಬಗ್ಗಿಸಿ ಕೊಟ್ಟರು. ಈಗ ನೆನಪಾಗುತ್ತಿದೆ.

ಧಾರವಾಡದ ವಕೀಲ:
ಅಳತೆಯ ಮಾತು ಬಂದದ್ದರಿಂದ ಕಾನೂನಿನ ಒಂದು ಮಾತು. 1985ರ ಮಾದಕವಸ್ತು ಕಾಯ್ದೆಯಾದ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಹೇಳುವುದು ಗಿಡದ ಹೂವು ಅಥವಾ ಕಾಯಿಯಿರುವ ತುದಿಯನ್ನು. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಆದ್ದರಿಂದಲೇ ಉತ್ತರ ಪ್ರದೇಶದಂಥ ರಾಜ್ಯಗಳು ಎಲೆಯಿಂದ ಮಾಡಿದ ಭಂಗಿಗೆ ಪರವಾನಗಿ ಕೊಡುತ್ತವೆ. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ 29 ಕಿಲೊ ಭಂಗಿಯೊಂದಿಗೆ ಸಿಕ್ಕಿದ ವ್ಯಕ್ತಿಗೆ ಜಾಮೀನು ಕೊಡುವಾಗ, ಭಂಗಿ ಆ ಕಾಯ್ದೆಯ ನಿಷೇಧದಲ್ಲಿ ಬರುವುದೆಂದು ತೋರಿಸುವ ಆಧಾರವಿಲ್ಲವೆಂಬುದನ್ನು ಗಮನಿಸಿತ್ತು. ಇದನ್ನು ಓದಿ ಬೆಂಗಳೂರಿನಲ್ಲಿ ಭಂಗಿಗೆ ಅಡ್ಡಿಯಿಲ್ಲವೆಂದು ಯಾರೂ ತಿಳಿಯಬಾರದು. ಅದು ಜಾಮೀನಿನ ಆದೇಶ, ಮೇಲಾಗಿ ರಾಜ್ಯಗಳ ಅಬಕಾರಿ ಕಾನೂನುಗಳು ಪ್ರತ್ಯೇಕವಾಗಿವೆ. ಈ ಚರ್ಚೆಗೆ ಸಂಬಂಧಿಸಿದ ಮಾತೆಂದರೆ, ಲೋಟವೊಂದರಲ್ಲಿ ಎಷ್ಟು ಮಿಲಿಗ್ರಾಂ ಟಿಎಚ್‌ಸಿ ಇದೆ ಎಂಬುದನ್ನು ಥಂಡಾಯಿ ಕುಡಿಯುವವನಿಗೆ ಹೇಳುವವರು ಯಾರೂ ಇಲ್ಲ.

ಟೊರೊಂಟೊ ಕನ್ನಡತಿ:
ಕೆನಡಾದಲ್ಲಿ ಗಾಂಜಾ ಬೆರೆಸಿದ ತಿನ್ನುವ ಪದಾರ್ಥಗಳು ಕಾನೂನುಬದ್ಧವಾದದ್ದು 2019ರ ಅಕ್ಟೋಬರ್ 17ರಂದು. ಇಲ್ಲಿ ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ ಮಿತಿಯಿದೆ. ಹೊಸಬರು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ತಿನ್ನಬೇಕು, ಪರಿಣಾಮ ಕಾಣಿಸಲು 30 ನಿಮಿಷದಿಂದ 2 ಗಂಟೆ ಬೇಕು, ಪೂರ್ತಿ ಏರಲು 4 ಗಂಟೆಯವರೆಗೆ ಬೇಕು, 12 ಗಂಟೆಯವರೆಗೆ ಉಳಿಯಬಹುದು, ಕೆಲವು ಪರಿಣಾಮ 24 ಗಂಟೆಯವರೆಗೂ ಇರಬಹುದು ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ನಾನು ಒಪ್ಪದಿರುವುದು ಜನ ಅದನ್ನು ಓದುವ ರೀತಿಯನ್ನು. ಎಲ್ಲರೂ 2 ಗಂಟೆ ಎಂಬ ಅಂಕಿಯನ್ನು ಹಿಡಿದುಕೊಂಡು, ಅದು ದಾಟಿದ ಕೂಡಲೇ ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಲ್ಲಿ ಪ್ರಶ್ನೆ ಕೇಳಿದವರು ಮಾಡಿದ್ದೂ ಅದನ್ನೇ. ಭರ್ಜರಿ ಊಟದ ನಂತರ ಕಾಯಬೇಕಾದದ್ದು 4 ಗಂಟೆಯ ಅಂಕಿಗಿಂತಲೂ ಹೆಚ್ಚು. ನನ್ನ ಮನೆಯಲ್ಲಿ ಅತಿಥಿಗಳಿಗೆ ಆ ದಿನ ಎರಡನೆಯದು ಇಲ್ಲವೆಂದೇ ಹೇಳುತ್ತೇನೆ.

ನ್ಯೂಜೆರ್ಸಿ ತಾಯಿ:
ಅಮಲಿನ ಮಾತಿನ ನಡುವೆ ಔಷಧಿಯ ಮಾತನ್ನೂ ಹೇಳಬಹುದೆಂದು ಭಾವಿಸುತ್ತೇನೆ. ನನ್ನ ಮಗನಿಗೆ ಲೆನಾಕ್ಸ್-ಗ್ಯಾಸ್ಟೊ ಎಂಬ ತೀವ್ರ ಅಪಸ್ಮಾರವಿದೆ. ಅವನಿಗೆ ಕೊಡುವುದು ಇದೇ ಗಿಡದ ಇನ್ನೊಂದು ವಸ್ತುವಾದ ಸಿಬಿಡಿಯನ್ನು, ಅದು ಅಮಲು ತರುವುದಿಲ್ಲ. 2018ರಲ್ಲಿ ಇಲ್ಲಿ ಅನುಮತಿ ಪಡೆದ ಔಷಧಿ. ಮೊದಲ ತಿಂಗಳು ನಾನು ಬೆಳಿಗ್ಗೆ ಅವನು ಏನನ್ನೂ ತಿನ್ನುವ ಮೊದಲೇ ಕೊಡುತ್ತಿದ್ದೆ, ರಜೆಯ ದಿನಗಳಲ್ಲಿ ಮಾತ್ರ ತುಪ್ಪ ಹಾಕಿದ ದೋಸೆಯ ಜೊತೆಗೆ ಕೊಡುತ್ತಿದ್ದೆ. ರಜೆಯ ದಿನ ಅವನು ದಿನವಿಡೀ ತೂಕಡಿಸುತ್ತಿದ್ದ, ಶಾಲೆಯ ದಿನ ಸೆಳೆತ ಮರಳುತ್ತಿತ್ತು. ನರರೋಗ ವೈದ್ಯರು ಕಾರಣವನ್ನು ಹೇಳಿದಾಗ ನನಗೆ ಅಳುವೇ ಬಂತು: ಹೆಚ್ಚು ಕೊಬ್ಬಿನ ಊಟದೊಂದಿಗೆ ಕೊಟ್ಟಾಗ ಆ ಔಷಧಿ ರಕ್ತದಲ್ಲಿ ಮುಟ್ಟುವ ಶಿಖರ 5 ಪಟ್ಟು, ಒಟ್ಟು ಪ್ರಮಾಣ 4 ಪಟ್ಟು ಹೆಚ್ಚಾಗುತ್ತದೆಯಂತೆ. ಒಂದೇ ಬಾಟಲಿ, ಒಂದೇ ಅಳತೆ, ಆದರೆ ನಾನು ನನ್ನ ಮಗನಿಗೆ ಅರಿಯದೆ ಎರಡು ಬೇರೆ ಬೇರೆ ಔಷಧಿಗಳನ್ನು ಕೊಡುತ್ತಿದ್ದೆ. ಈಗ ದಿನವೂ ಒಂದೇ ಹೊತ್ತಿಗೆ, ಒಂದೇ ಬಗೆಯ ತಿಂಡಿಯ ಜೊತೆಗೆ ಕೊಡುತ್ತೇನೆ. ಮನೆಯಲ್ಲಿ ಯಾರಾದರೂ ಇಂಥ ಔಷಧಿ ತೆಗೆದುಕೊಳ್ಳುತ್ತಿದ್ದರೆ ಊಟದ ಕ್ರಮವನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.

ತುರ್ತು ಚಿಕಿತ್ಸೆ ವೈದ್ಯೆ:
ತಾಯಿಯವರ ಮಾತು ಇಡೀ ಚರ್ಚೆಯಲ್ಲೇ ಹೆಚ್ಚು ಬೆಲೆಯುಳ್ಳದ್ದು. ನಿಮ್ಮ ಮಗ ಚೆನ್ನಾಗಿರಲಿ.

ಹನುಮಾನ್ ಘಾಟ್ ಮನೆತನ:
ಸಿಹಿಯ ಮಾತಿಗೆ ಉತ್ತರ ಸಿಕ್ಕಿತು, ಹುಳಿಯ ಮಾತಿಗೆ ಸಿಗಲಿಲ್ಲ. ನಿಂಬೆರಸ, ಹುಣಸೆ ನೀರು, ಉಪ್ಪಿನಕಾಯಿ ಕೊಟ್ಟು ಅಮಲು ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಔಷಧಶಾಸ್ತ್ರದ ಮೇಷ್ಟರು:
ಈ ವಿಷಯದಲ್ಲಿ ತಾತನವರ ಮಾತನ್ನು ಗೌರವದಿಂದಲೇ ಒಪ್ಪಲಾರೆ. ಆಗಲೇ ಕರುಳನ್ನು ದಾಟಿ ರಕ್ತಕ್ಕೆ ಸೇರಿದ ಟಿಎಚ್‌ಸಿಯನ್ನು ಹುಳಿ ಹಿಂದಕ್ಕೆ ಕರೆಯಲಾರದು. 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ನಿಂಬೆಯ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಸುಗಂಧವಸ್ತುವನ್ನು ಟಿಎಚ್‌ಸಿಯ ಜೊತೆಗೆ ಆವಿಯಾಗಿ ಕೊಟ್ಟಾಗ ಗಾಬರಿ ಕಡಿಮೆಯಾದದ್ದನ್ನು ವರದಿ ಮಾಡಿದ್ದಾರೆ. ಆದರೆ ಅದು ಉಸಿರಿನ ಮೂಲಕ ಕೊಟ್ಟದ್ದು, ಟಿಎಚ್‌ಸಿಯ ಜೊತೆಗೇ ಕೊಟ್ಟದ್ದು. ಹುಣಸೆ ನೀರು ಕುಡಿಸುವುದು ಬೇರೆಯೇ ವಿಷಯ. ನೀವು ಕಣ್ಣಾರೆ ಕಂಡದ್ದಕ್ಕೆ ನನ್ನ ವಿವರಣೆ ಇಷ್ಟೇ: ಹುಳಿ ಕೊಡುವ ಹೊತ್ತಿಗೆ ಅಮಲು ತಾನಾಗಿಯೇ ಇಳಿಯುವ ಹಾದಿಯಲ್ಲಿರುತ್ತದೆ, ಮತ್ತು ಪಕ್ಕದಲ್ಲಿ ಕೂತು ಆರೈಕೆ ಮಾಡುವವರಿಂದ ಭಯ ಇಳಿಯುತ್ತದೆ.

ಹನುಮಾನ್ ಘಾಟ್ ಮನೆತನ:
ಭಯ ಇಳಿದರೆ ಅರ್ಧ ಅಮಲು ಇಳಿದಂತೆಯೇ ಅಲ್ಲವೇ? ನಾನು ನಿಂಬೆರಸವನ್ನು ಬಿಡುವವನಲ್ಲ.

ತುರ್ತು ಚಿಕಿತ್ಸೆ ವೈದ್ಯೆ:
ಎಚ್ಚರವಾಗಿರುವವರಿಗೆ ಒಂದು ಲೋಟ ನಿಂಬೆ ಪಾನಕ ಕೊಟ್ಟರೆ ಹಾನಿಯಿಲ್ಲ, ನೀರಿನ ಅಂಶ ಸೇರುತ್ತದೆ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನನ್ನೂ ಸುರಿಯಬೇಡಿ, ಅದು ನಿಂಬೆಯಾಗಲಿ ತೀರ್ಥವಾಗಲಿ.

ಬೀದರ್ ಓದುಗ:
ನನ್ನ ತಂದೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಬರುವ ಶಿವರಾತ್ರಿಗೆ ಕಾಶಿಗೆ ಹೋಗುವವರಿದ್ದಾರೆ. ಪ್ರಸಾದವೆಂದು ಒಂದು ಗುಟುಕು ಕುಡಿದರೆ ತೊಂದರೆಯೇ?

ಔಷಧಶಾಸ್ತ್ರದ ಮೇಷ್ಟರು:
ಬೇಡವೇ ಬೇಡ. ವಾರ್ಫರಿನನ್ನು ಒಡೆಯುವುದೂ ನಾನು ಮೇಲೆ ಹೇಳಿದ ಸಿವೈಪಿ2ಸಿ9 ಕಿಣ್ವವೇ. ಗಾಂಜಾ ಬಳಸಿದವರಲ್ಲಿ ವಾರ್ಫರಿನ್ ಪರಿಣಾಮ ಹೆಚ್ಚಾಗಿ ರಕ್ತಸ್ರಾವದ ಅಪಾಯ ಬಂದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಪ್ರಕಟವಾಗಿವೆ. ಜೊತೆಗೆ ಉಪವಾಸವೂ ಇರುತ್ತದೆ, ತಲೆ ಸುತ್ತಿ ಘಾಟಿನ ಮೆಟ್ಟಿಲಿನಲ್ಲಿ ಬಿದ್ದರೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದೇ ದೊಡ್ಡ ಅಪಾಯ. ಭಂಗಿ ಬೆರೆಸದ ಥಂಡಾಯಿಯೂ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನೇ ಕೇಳಿ ಪಡೆಯಲಿ.

ಬೀದರ್ ಓದುಗ:
ತಂದೆಯವರಿಗೆ ಈ ಸಾಲುಗಳನ್ನೇ ಓದಿ ಹೇಳಿದೆ. ಒಪ್ಪಿದ್ದಾರೆ.

ಗೋದೌಲಿಯಾ ಕನ್ನಡಿಗ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಮ್ಮ ಬೀದಿಯ ಥಂಡಾಯಿ ಅಂಗಡಿಯ ಹಿರಿಯರ ಹತ್ತಿರ ಈ ಚರ್ಚೆಯ ಸಾರವನ್ನು ಹಿಂದಿಯಲ್ಲಿ ಹೇಳಿದೆ. ಅವರು ಗಿರಾಕಿಗೆ ಲೋಟ ಕೊಡುವ ಮೊದಲು ಊಟವಾಯಿತೇ ಎಂದು ಕೇಳುವುದನ್ನು ನಾನು ಆರು ವರ್ಷಗಳಿಂದ ಕೇಳಿಸಿಕೊಂಡಿದ್ದೇನೆ, ಅದು ಉಪಚಾರದ ಮಾತೆಂದೇ ತಿಳಿದಿದ್ದೆ. ಊಟವಾಗಿದೆ ಎಂದವರಿಗೆ ಅವರು ಎರಡನೆಯ ಲೋಟವನ್ನು ಕೊಡುವುದೇ ಇಲ್ಲವಂತೆ. ಕೇಳಿದರೆ ನಾಳೆ ಬನ್ನಿ ಎನ್ನುತ್ತಾರಂತೆ. ಅವರ ತಂದೆ ಹಾಗೆಯೇ ಮಾಡುತ್ತಿದ್ದರಂತೆ.